ಡಿಗ್ರಿ ಮುಗಿಸಿ ಸುಮ್ನೆ ಕೂತವರ ಸಿನಿಮಾ, ಶಿವಮೊಗ್ಗದಲ್ಲೇ ತೆಗೆಯಬೇಕು: ಸಲಹೆ ಕೊಡಿ

ಗೋಪಿ ಸರ್ಕಲ್ ಹುಡುಗ

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಗೆಳೆಯರು ಸೇರಿ ಒಂದು ಸಿನಿಮಾ ತೆಗೆಯಲು ಹೊರಟಿದ್ದೇವೆ. ಕಿರುಚಿತ್ರ ಅಲ್ಲ, ಒಂದೂವರೆ ಗಂಟೆಯ ಪೂರ್ತಿ ಸಿನಿಮಾ. ಎಲ್ಲರೂ ಕೈಲಾದಷ್ಟು ಹಾಕಿ, ಒಬ್ಬನ ಮಾವನ ಹತ್ತಿರ ಸಾಲ ತಂದು, 8 ಲಕ್ಷ ಒಟ್ಟು ಮಾಡಿದ್ದೇವೆ. ಇದಕ್ಕಿಂತ ಒಂದು ರೂಪಾಯಿ ಜಾಸ್ತಿ ಹುಟ್ಟುವುದಿಲ್ಲ.

ಕಥೆ ಹೀಗಿದೆ. ಶಿವಮೊಗ್ಗದಲ್ಲಿ ನಾಲ್ಕು ಜನ ಹುಡುಗರು. ಒಬ್ಬ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದವನು. ಒಬ್ಬ ಬಿ.ಕಾಂ. ಒಬ್ಬ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡಿದವನು. ಇನ್ನೊಬ್ಬ ಬಿ.ಎ. ಮಾಡಿ, ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೇನೆ ಅಂತ ಮನೆಯಲ್ಲಿ ಹೇಳಿಕೊಂಡು ತಿರುಗುವವನು. ಬೆಳಿಗ್ಗೆ ಹತ್ತಕ್ಕೆ ಏಳುತ್ತಾರೆ, ನೆಹರೂ ರಸ್ತೆ ಸುತ್ತುತ್ತಾರೆ, ಬೈಟು ಟೀ ಕುಡಿಯುತ್ತಾರೆ, ಸಂಜೆ ತುಂಗೆಯ ದಂಡೆಯಲ್ಲಿ ಕೂರುತ್ತಾರೆ. ಮದುವೆ ಮನೆಗೆ ಹೋಗುವುದಿಲ್ಲ, ಯಾಕೆಂದರೆ ಅಲ್ಲಿ ಯಾರಾದರೂ 'ಈಗ ಏನ್ ಮಾಡ್ಕೊಂಡಿದೀಯಪ್ಪಾ' ಅಂತ ಕೇಳಿಯೇ ಕೇಳುತ್ತಾರೆ.

ಇಂಟರ್‌ವಲ್ ಹೊತ್ತಿಗೆ ಬಿ.ಕಾಂ. ಹುಡುಗನ ಅಜ್ಜ ತೀರಿಕೊಳ್ಳುತ್ತಾರೆ. ನಾಲ್ವರೂ ತೀರ್ಥಹಳ್ಳಿ ಕಡೆಯ ಊರಿಗೆ ಹೋಗುತ್ತಾರೆ. ಮಳೆ, ತೋಟ, ದೊಡ್ಡ ಮನೆ. ಅಟ್ಟದ ಮೇಲೆ ಅಜ್ಜನ ಡೈರಿ ಸಿಗುತ್ತದೆ. ಅದನ್ನು ಓದುತ್ತಾ ಒಬ್ಬೊಬ್ಬರಿಗೂ ದಾರಿ ಕಾಣುತ್ತದೆ. ಕೊನೆಗೆ ಹೀರೋ ತನ್ನ ಹಳೇ ಕಾಲೇಜಿನ ವೇದಿಕೆ ಮೇಲೆ ನಿಂತು ಮಾತಾಡುತ್ತಾನೆ.

ಕಥೆ ಹೇಗಿದೆ? ಈ ದುಡ್ಡಿಗೆ ಆಗುತ್ತದಾ? ಮಳೆಗಾಲದಲ್ಲಿ ಶೂಟಿಂಗ್ ಮಾಡಬಹುದಾ? ಬೈದರೂ ಪರವಾಗಿಲ್ಲ, ಸಿನಿಮಾ ಆದ ಮೇಲೆ ಬೈಸಿಕೊಳ್ಳುವುದಕ್ಕಿಂತ ಈಗ ಒಳ್ಳೆಯದು.

ವಿನೋಬನಗರ ವಾಸಿ

ಅಜ್ಜನ ಡೈರಿ ಬೇಡ ಮಾರಾಯ. ನಮ್ಮ ಕಡೆಯ ಅಜ್ಜಂದಿರು ಬರೆದಿಟ್ಟಿದ್ದು ಆಳಿನ ಲೆಕ್ಕ, ಹಾಲಿನ ಲೆಕ್ಕ, ಗೊಬ್ಬರದ ಲೆಕ್ಕ. ಅದನ್ನು ಓದಿದರೆ ಜೀವನದ ದಾರಿ ಕಾಣುವುದಿಲ್ಲ. ಯಾರಿಗೆ ಎಷ್ಟು ಬಾಕಿ ಇದೆ ಅಂತ ಗೊತ್ತಾಗುತ್ತದೆ, ಅಷ್ಟೇ.

ಬೆಂಗಳೂರು ಪಿಜಿ

ಭಾಷಣವನ್ನೂ ತೆಗೆಯಿರಿ. ಎರಡು ವರ್ಷ ಕೆಲಸ ಇಲ್ಲದೆ ಕೂತವನನ್ನು ಯಾವ ಕಾಲೇಜಿನವರು ವೇದಿಕೆಗೆ ಕರೆಯುತ್ತಾರೆ? ಫೀಸಿನ ಬಾಕಿ ಕೇಳಲು ಕರೆಯಬಹುದು.

ಹಳೇ ರೀಲು

ತಮ್ಮಾ, ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನಿನ್ನ ವಿಷಯ ಹಳೆಯದು, ಅದರಿಂದ ನಷ್ಟ ಇಲ್ಲ. ಕೊನಗವಳ್ಳಿಯ ಲಂಕೇಶರು 1976ರಲ್ಲೇ 'ಪಲ್ಲವಿ' ತೆಗೆದರು, ತಮ್ಮದೇ 'ಬಿರುಕು' ಕಾದಂಬರಿ ಇಟ್ಟುಕೊಂಡು. ಅಲ್ಲೂ ಓದು ಮುಗಿಸಿದ ಹುಡುಗ ಹುಡುಗಿ, ಅಲ್ಲೂ ಕೆಲಸದ ಪ್ರಶ್ನೆ. ಅದಕ್ಕೆ ನಿರ್ದೇಶನದ ರಾಷ್ಟ್ರ ಪ್ರಶಸ್ತಿ ಬಂತು. ದೊಡ್ಡ ಸೆಟ್ ಇಲ್ಲ, ಸ್ಟಾರ್ ಇಲ್ಲ. ಇನ್ನು ಗಿರೀಶ ಕಾಸರವಳ್ಳಿಯವರು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಅವರು ಓದಿದ್ದು ಬಿ.ಫಾರ್ಮಾ. ಔಷಧದ ಪದವಿ ಕೈಯಲ್ಲಿಟ್ಟುಕೊಂಡು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಹೋದರು. 1977ರ 'ಘಟಶ್ರಾದ್ಧ'ಕ್ಕೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂತು. ಅಂದರೆ ಓದಿದ್ದೊಂದು ಮಾಡಿದ್ದೊಂದು ಅನ್ನುವುದು ನಮ್ಮ ಜಿಲ್ಲೆಗೆ ಹೊಸದಲ್ಲ.

ಈಗ ದುಡ್ಡಿನ ಮಾತು. ಕಡಿಮೆ ದುಡ್ಡಿನ ಸಿನಿಮಾ ಅಂದರೆ ದೊಡ್ಡ ಸಿನಿಮಾವನ್ನು ಅಗ್ಗದಲ್ಲಿ ಮಾಡುವುದು ಅಂತ ಎಲ್ಲರೂ ತಿಳಿದಿದ್ದಾರೆ. ಹಾಗೆ ಹೊರಟವರೆಲ್ಲ ಕೈ ಸುಟ್ಟುಕೊಂಡಿದ್ದಾರೆ. ಅಮೆರಿಕದಲ್ಲಿ 1994ರಲ್ಲಿ ಬಂದ 'ಕ್ಲರ್ಕ್ಸ್' ಸಿನಿಮಾ ನೋಡು. ಗೊತ್ತುಗುರಿ ಇಲ್ಲದ ಇಬ್ಬರು ಅಂಗಡಿ ಹುಡುಗರ ಕಥೆ. ಖರ್ಚು 27,575 ಡಾಲರ್. ನಿರ್ದೇಶಕ ಕೆವಿನ್ ಸ್ಮಿತ್ ತಾನು ಕೆಲಸ ಮಾಡುತ್ತಿದ್ದ ಅಂಗಡಿಯಲ್ಲೇ ಶೂಟಿಂಗ್ ಮಾಡಿದ. ಹಗಲು ವ್ಯಾಪಾರ ಇರುತ್ತದೆ, ಹಾಗಾಗಿ ರಾತ್ರಿ ಮಾತ್ರ ಶೂಟಿಂಗ್. ಆದರೆ ಕಥೆ ನಡೆಯುವುದು ಹಗಲು. ಕಿಟಕಿಯಿಂದ ಕತ್ತಲೆ ಕಂಡರೆ ಕೆಟ್ಟಿತು. ಅದಕ್ಕೆ ಏನು ಮಾಡಿದ? ಶಟರ್‌ನ ಬೀಗದ ತೂತಿಗೆ ಯಾರೋ ಚ್ಯೂಯಿಂಗ್ ಗಮ್ ತುರುಕಿದ್ದಾರೆ, ಇವತ್ತು ಶಟರ್ ತೆಗೆಯಲು ಆಗುತ್ತಿಲ್ಲ ಅಂತ ಕಥೆಯಲ್ಲೇ ಬರೆದುಬಿಟ್ಟ! ಸಿನಿಮಾ ಪೂರ್ತಿ ಶಟರ್ ಮುಚ್ಚಿದೆ. ನೋಡುವವರಿಗೆ ಅದು ಆ ಹುಡುಗನ ಹಾಳು ದಿನದ ಇನ್ನೊಂದು ಕಿರಿಕಿರಿ ಅನಿಸುತ್ತದೆ. ದುಡ್ಡಿಲ್ಲದ್ದು ಕಾಣುವುದೇ ಇಲ್ಲ.

ನಿನ್ನ ಶಟರ್ ಯಾವುದು ಅಂತ ಯೋಚನೆ ಮಾಡು. ಮಳೆಯಾ, ಕರೆಂಟ್ ಹೋಗುವುದಾ, ಕಾರು ಇಲ್ಲದ್ದಾ? ಅದನ್ನು ಮುಚ್ಚಿಡಬೇಡ, ಕಥೆಗೆ ತಾ.

ಆಮೇಲೆ ನಟರು. ಪಕ್ಕದಲ್ಲೇ ಹೆಗ್ಗೋಡು ಇದೆ. 1949ರಿಂದ ನೀನಾಸಂ ನಾಟಕ ಸಂಸ್ಥೆ ಇದೆ, 1980ರಿಂದ ರಂಗಶಿಕ್ಷಣ ಕೇಂದ್ರ ನಡೆಯುತ್ತಿದೆ. ಅಲ್ಲಿ ಕಲಿತು ಸುತ್ತಮುತ್ತಲೇ ಇರುವ ನಟರು ಬೇಕಾದಷ್ಟಿದ್ದಾರೆ. ಬೆಂಗಳೂರಿನಿಂದ ಯಾರನ್ನೋ ಕರೆಸಿ ಲಾಡ್ಜ್ ಬಾಡಿಗೆ ಕೊಡಬೇಡ. ಒಂದು ಮಾತು, ರಂಗದ ನಟರಿಗೆ ದನಿ ಸ್ವಲ್ಪ ಇಳಿಸಲು ಹೇಳಬೇಕಾಗುತ್ತದೆ.

ಗೋಪಿ ಸರ್ಕಲ್ ಹುಡುಗ

ಅಣ್ಣಾ, ಶಟರ್ ವಿಷಯ ಕೇಳಿ ತಲೆಯಲ್ಲಿ ಲೈಟ್ ಹತ್ತಿತು. ನಮಗೆ ಇರುವುದು ಒಂದೇ ಒಂದು ಬೈಕು. ಸ್ಕ್ರಿಪ್ಟ್‌ನಲ್ಲಿ ಎರಡು ಬೈಕು, ಒಂದು ಕಾರು ಬರೆದಿದ್ದೆವು. ಈಗ ನಾಲ್ಕು ಜನಕ್ಕೆ ಒಂದೇ ಬೈಕು. ಎಲ್ಲಿಗೆ ಹೋದರೂ ಇಬ್ಬರು ಹೋಗುತ್ತಾರೆ, ಇಬ್ಬರು ಕಾಯುತ್ತಾರೆ.

ವಿನೋಬನಗರ ವಾಸಿ

ಕಾಯುವ ಇಬ್ಬರ ಮಾತೇ ಸಿನಿಮಾ.

ಸಾಗರದವಳು

ನಾಲ್ಕೂ ಹುಡುಗರೇ. ಹುಡುಗಿಯರು ಡಿಗ್ರಿ ಮಾಡುವುದಿಲ್ಲವಾ ನಿಮ್ಮ ಶಿವಮೊಗ್ಗದಲ್ಲಿ?

ಹುಡುಗ ಕೆಲಸ ಇಲ್ಲದೆ ತಿರುಗಿದರೆ ಅದು ಕಥೆ. ಹುಡುಗಿ ಕೆಲಸ ಇಲ್ಲದೆ ಮನೆಯಲ್ಲಿದ್ದರೆ ಅದು 'ಗಂಡು ನೋಡುತ್ತಿದ್ದಾರೆ'. ಅವಳಿಗೆ ತುಂಗೆಯ ದಂಡೆಯೂ ಇಲ್ಲ, ಬೈಟು ಟೀಯೂ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಏಳುವ ಭಾಗ್ಯ ಅಂತೂ ಇಲ್ಲವೇ ಇಲ್ಲ. ಎಂ.ಎಸ್ಸಿ. ಪಾತ್ರವನ್ನು ಹುಡುಗಿ ಮಾಡಿ ನೋಡಿ, ಕಥೆ ತಾನಾಗಿ ಬದಲಾಗುತ್ತದೆ.

ಒಂದು ಸೀನ್ ಕೊಡುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ. ಅಡಿಕೆ ಸುಲಿಯುವ ಕಾಲ. ರಾತ್ರಿ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಸಾಲಾಗಿ ಹೆಂಗಸರು ಕೂತಿದ್ದಾರೆ. ಅವಳೂ ಕೂತಿದ್ದಾಳೆ. ಹಸಿ ಅಡಿಕೆ ಸುಲಿದರೆ ಬೆರಳು, ಉಗುರಿನ ಸಂದು ಎಲ್ಲ ಕಪ್ಪಾಗುತ್ತದೆ. ನಿಂಬೆಹಣ್ಣು ತಿಕ್ಕಿದರೂ ಬೇಗ ಹೋಗುವುದಿಲ್ಲ. ಮಾರನೇ ದಿನ ಶಿವಮೊಗ್ಗದಲ್ಲಿ ಇಂಟರ್‌ವ್ಯೂ. ಇಸ್ತ್ರಿ ಮಾಡಿದ ಚೂಡಿದಾರ್, ಕೈಯಲ್ಲಿ ಫೈಲು. ಎದುರಿಗೆ ಕೂತವರು ಮಾರ್ಕ್ಸ್ ಕಾರ್ಡ್ ಕೊಡಿ ಅನ್ನುತ್ತಾರೆ. ಅವಳು ಫೈಲನ್ನು ಮೇಜಿನ ಮೇಲಿಟ್ಟು, ಎರಡು ಬೆರಳಿನಿಂದ ಅವರ ಕಡೆ ತಳ್ಳಿ, ಕೈಯನ್ನು ವೇಲ್ ಕೆಳಗೆ ಎಳೆದುಕೊಳ್ಳುತ್ತಾಳೆ. ಒಂದು ಮಾತೂ ಬೇಡ. ನಮ್ಮ ಕಡೆಯವರಿಗೆ ಎಲ್ಲ ಅರ್ಥವಾಗುತ್ತದೆ.

ನಾನು ಬಸ್ಸಿನಲ್ಲಿ ಚಿಲ್ಲರೆ ಕೊಡುವಾಗ ಹೀಗೇ ಮಾಡುತ್ತಿದ್ದೆ, ಅದಕ್ಕೆ ಗೊತ್ತು.

ಹಳೇ ರೀಲು

ಸಾಗರದವರೇ, ಇದು ಪೋಸ್ಟರ್ ಆಗುವಂಥ ಸೀನು. ತಮ್ಮಾ, ಇದನ್ನು ಬಿಟ್ಟರೆ ನಿನ್ನಷ್ಟು ದಡ್ಡ ಇಲ್ಲ.

ಮೈಕ್ ಹಿಡಿಯುವವ

ಮಳೆಗಾಲದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಸೌಂಡ್ ಕೆಲಸ ಮಾಡುವವನು, ನಾನೇ ಹೇಳುತ್ತೇನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಆಗುಂಬೆ ಕಡೆ ಲೈವ್ ಸೌಂಡ್ ಆಸೆ ಬಿಡಿ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಎದುರಿಗಿದ್ದವನು ಹೇಳಿದ್ದು ನಿಮಗೇ ಕೇಳುವುದಿಲ್ಲ, ಮೈಕಿಗೆ ಎಲ್ಲಿಂದ ಕೇಳಬೇಕು. ಮಳೆ ನಿಂತ ಮೇಲೂ ಹನಿ ತೊಟ್ಟಿಕ್ಕುತ್ತದೆ, ಕಪ್ಪೆ ಶುರುವಾಗುತ್ತದೆ. ಬೇಸಿಗೆಯಲ್ಲಿ ಜೀರುಂಡೆ. ಜೀರುಂಡೆ ದನಿ ಇನ್ನೂ ಕಷ್ಟ. ಅದು ಮಾತಿನ ಹಿಂದೆ ಕೂತುಬಿಡುತ್ತದೆ, ಎರಡು ಶಾಟ್ ಜೋಡಿಸಿದಾಗ ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಕಿವಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಬರೀ ಆ ಜಾಗದ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗ್‌ನಲ್ಲಿ ಆ ಒಂದು ನಿಮಿಷ ನಿಮ್ಮನ್ನು ಕಾಪಾಡುತ್ತದೆ.

ದುಡ್ಡು ಕಡಿಮೆ ಇದ್ದರೆ ಕ್ಯಾಮೆರಾದಲ್ಲಿ ಉಳಿಸಿ, ಸೌಂಡಿನಲ್ಲಿ ಉಳಿಸಬೇಡಿ. ಚಿತ್ರ ಸ್ವಲ್ಪ ಮಂಕಾಗಿದ್ದರೆ ಜನ ಅದು ಸ್ಟೈಲ್ ಅಂತ ತಿಳಿಯುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಡ್ರೋನ್ ಶಾಟ್ ಬರೆದಿರುತ್ತೀರಿ, ನನಗೆ ಗೊತ್ತು. ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇದೆ, ಅದರ ಸುತ್ತ ಡ್ರೋನ್ ಹಾರಿಸಲು ನಿರ್ಬಂಧ ಇದೆ. ಕಾಡಿನೊಳಗೆ ಶೂಟಿಂಗ್ ಅಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ತೋಟದಲ್ಲಿ ಮಾಡಿ, ಮನೆಯವರ ಅನುಮತಿ ಸಾಕು.

ಬೆಂಗಳೂರು ಪಿಜಿ

ಮಂಜು, ಜಲಪಾತ, ಡ್ರೋನ್, ಅಡಿಕೆ ತೋಟ, ಹಿನ್ನೆಲೆಯಲ್ಲಿ ಕೊಳಲು. ಮಲೆನಾಡು ಅಂದರೆ ಇಷ್ಟೇ ಅಂತ ಆಗಿಹೋಗಿದೆ. ದಯವಿಟ್ಟು ಇವರಾದರೂ ಪೇಟೆ ತೋರಿಸಲಿ. ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿ ಸಾಕು. ಕೆಲಸ ಇಲ್ಲದವರ ಊರು ಅದೇ ಅಲ್ವಾ. ಅರ್ಜಿ, ಆಧಾರ್, ಫೋಟೋ, ಸಹಿ ಸ್ಕ್ಯಾನ್, 'ಸರ್ವರ್ ಡೌನ್, ನಾಳೆ ಬನ್ನಿ'.

ಇನ್ನೊಂದು. ಹಳ್ಳಿಗೆ ಹೋದ ಕೂಡಲೇ ಎಲ್ಲರಿಗೂ ದಾರಿ ಕಾಣುತ್ತದೆ ಅನ್ನುವುದು ಬೆಂಗಳೂರಿನಲ್ಲಿ ಎಸಿ ಕೆಳಗೆ ಕೂತವರ ಕನಸು. ಹಳ್ಳಿಯಲ್ಲೇ ಇರುವವರಿಗೆ ಯಾಕೆ ಕಂಡಿಲ್ಲ? ಶನಿವಾರ ಬಂದು ಭಾನುವಾರ ರಾತ್ರಿ ರೈಲಿಗೆ ವಾಪಸ್ ಹೋಗುವವರಲ್ಲಿ ನಾನೂ ಒಬ್ಬ. ಆ ಜನರಲ್ ಬೋಗಿಯಲ್ಲಿ ನಿಂತ ಅರ್ಧ ಜನ ತೋಟ ಇದ್ದವರೇ.

ಗೋಪಿ ಸರ್ಕಲ್ ಹುಡುಗ

ಜೆರಾಕ್ಸ್ ಅಂಗಡಿ ಸೀನ್ ಇದೆ ಬ್ರೋ. ಯುವನಿಧಿ ಅರ್ಜಿಯ ಸೀನ್ ಅದು. ಆ ಯೋಜನೆಗೆ 2024ರ ಜನವರಿ 12ರಂದು ಚಾಲನೆ ಕೊಟ್ಟಿದ್ದು ನಮ್ಮ ಫ್ರೀಡಂ ಪಾರ್ಕ್‌ನಲ್ಲೇ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದವರೆಗೆ. ದುಡ್ಡು ಬರುತ್ತಿರಬೇಕಾದರೆ ನನಗಿನ್ನೂ ಕೆಲಸ ಇಲ್ಲ ಅಂತ ಸೇವಾ ಸಿಂಧುವಿನಲ್ಲಿ ಸ್ವಯಂ ಘೋಷಣೆ ಕೊಡುತ್ತಿರಬೇಕು. ನಮ್ಮ ಬಿ.ಎ. ಹುಡುಗ ಅದನ್ನು ಕೊಡುವ ದಿನ ಶೇವ್ ಮಾಡಿಕೊಂಡು, ಒಳ್ಳೆ ಶರಟು ಹಾಕಿಕೊಂಡು ಹೋಗುತ್ತಾನೆ. ಮನೆಯಲ್ಲಿ ಎಲ್ಲಿಗೆ ಅಂದರೆ 'ಆಫೀಸ್ ಕೆಲಸ ಇದೆ' ಅನ್ನುತ್ತಾನೆ.

ಸಾಗರದವಳು

ಹ್ಹಹ್ಹ. ಇದು ಚೆನ್ನಾಗಿದೆ. ಇಂಥದ್ದು ಇಟ್ಟುಕೊಂಡು ಡೈರಿ ಯಾಕೆ ಬರೆದಿರಿ?

ಪೇಪರ್ ಟೌನ್

ನಾನು ಭದ್ರಾವತಿಯವನು. ನಿಮ್ಮ ಮೆಕ್ಯಾನಿಕಲ್ ಹುಡುಗನನ್ನು ನಮ್ಮೂರಿನವನನ್ನಾಗಿ ಮಾಡಿ. ವಿಶ್ವೇಶ್ವರಯ್ಯನವರ ಹೆಸರಿನ ಉಕ್ಕಿನ ಕಾರ್ಖಾನೆ ಒಂದು ಕಡೆ, 1936ರಲ್ಲಿ ಶುರುವಾದ ಕಾಗದದ ಕಾರ್ಖಾನೆ ಇನ್ನೊಂದು ಕಡೆ. ಎಸ್ಸೆಸ್ಸೆಲ್ಸಿ ಮುಗಿಸಿದವನಿಗೆ ಒಂದು ಕಾಲದಲ್ಲಿ ಗೇಟಿನೊಳಗೆ ಕೆಲಸ, ಕ್ವಾರ್ಟರ್ಸ್, ಮಕ್ಕಳಿಗೆ ಶಾಲೆ. 2015ರಲ್ಲಿ ಕಾಗದದ ಉತ್ಪಾದನೆ ನಿಂತಿತು. ಅಪ್ಪ ಎಸ್ಸೆಸ್ಸೆಲ್ಸಿ ಓದಿ ಸಂಬಳ ತಂದ, ಮಗ ಇಂಜಿನಿಯರ್ ಆಗಿ ಮನೆಯಲ್ಲಿ ಕೂತ. ಆ ಅಪ್ಪ ಮಗನಿಗೆ 'ಒಂದು ಕೆಲಸ ಹುಡುಕಿಕೊಳ್ಳಲು ಆಗಲ್ವಾ' ಅಂತ ಬೈಯುವಾಗ ತನ್ನ ಕಾಲದಲ್ಲಿ ಕೆಲಸವೇ ತನ್ನನ್ನು ಹುಡುಕಿಕೊಂಡು ಬಂದಿತ್ತು ಅನ್ನುವುದು ಅವನಿಗೆ ನೆನಪೇ ಇರುವುದಿಲ್ಲ. ಅಪ್ಪನನ್ನು ವಿಲನ್ ಮಾಡಬೇಡಿ, ಆದರೆ ಈ ಜಗಳ ಇರಲಿ.

ಕೊಪ್ಪದ ಕಡೆಯವ

ಹಳ್ಳಿಯಲ್ಲಿ ದಾರಿ ಕಾಣುವುದಿಲ್ಲ ಅಂದವರಿಗೆ ಒಂದು ಮಾತು. ಕಾಣುತ್ತದೆ, ಆದರೆ ಸಿನಿಮಾದವರು ನೋಡುವ ಕಡೆ ಅಲ್ಲ.

ಅಡಿಕೆ ಕೊನೆ (ಗೊನೆ) ಕೊಯ್ಯುವ ಕೊನೆಗಾರರು ಈಗ ಸಿಗುವುದಿಲ್ಲ. ಮರ ಹತ್ತುವ ಕೆಲಸಕ್ಕೆ ಅವರ ಮಕ್ಕಳು ಬರುವುದಿಲ್ಲ, ಬರಬಾರದು ಕೂಡ, ಜೀವದ ಪ್ರಶ್ನೆ. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದಿದೆ. ನೆಲದಲ್ಲಿ ನಿಂತೇ ಕೊನೆ ಕೊಯ್ಯಬಹುದು, ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬಹುದು. ನಮ್ಮ ಕಡೆ ಓದಿದ ಹುಡುಗರೇ ತಂಡ ಕಟ್ಟಿಕೊಂಡು ದೋಟಿ ಕೆಲಸಕ್ಕೆ ಹೋಗುತ್ತಿದ್ದಾರೆ. ಉದ್ದನೆಯ ದೋಟಿ ಎತ್ತಿ, ಕತ್ತು ಹಿಂದೆ ಮಾಡಿ ನೋಡುತ್ತಾ ನಿಂತರೆ ಮೊದಲ ವಾರ ರಾತ್ರಿ ನಿದ್ದೆ ಬರುವುದಿಲ್ಲ, ಅಷ್ಟು ನೋವು. ಕಣ್ಣಿಗೆ ಕಸ ಬೀಳುತ್ತದೆ. ಕೊನೆ ಎಲ್ಲಿ ಬೀಳುತ್ತದೆ ಅಂತ ಅಂದಾಜು ಸಿಗಲು ಒಂದು ಸೀಸನ್ ಬೇಕು. ದೋಟಿಯ ಜಾಯಿಂಟ್ ಸಡಿಲವಾದರೆ ರಿಪೇರಿಗೆ ಯಾರೂ ಇಲ್ಲ, ತಾವೇ ಬಿಚ್ಚಿ ಜೋಡಿಸುತ್ತಾರೆ. ನಿಮ್ಮ ಮೆಕ್ಯಾನಿಕಲ್ ಹುಡುಗನಿಗೆ ಅಲ್ಲಿ ಕೆಲಸ ಇದೆ. ತೋಟ ಉಳಿಸುತ್ತೇನೆ ಅಂತ ಪ್ರತಿಜ್ಞೆ ಮಾಡಿಸಬೇಡಿ. ಒಂದು ಜಾಯಿಂಟ್ ಸರಿ ಮಾಡಲಿ, ಪಕ್ಕದ ಮನೆಯವರು ತಮ್ಮದನ್ನೂ ತಂದು ಕೊಡಲಿ. ಸಾಕು.

ಮತ್ತೆ, ತೀರಾ ಹಸಿರು ಹಸಿರು ತೋರಿಸಬೇಡಿ. ಎಲೆಚುಕ್ಕಿ ರೋಗ ಬಂದ ತೋಟವನ್ನೂ ತೋರಿಸಿ. ಹಳದಿಯಾದ ಸೋಗೆ ನೋಡಿ ಯಾರೂ ಕೊಳಲು ಊದುವುದಿಲ್ಲ.

ವಿನೋಬನಗರ ವಾಸಿ

ಹಾಗಾದರೆ ನನ್ನ ಮಾತನ್ನೇ ಮುಂದುವರಿಸುತ್ತೇನೆ. ಡೈರಿಯ ಬದಲು ಲೆಕ್ಕದ ಪುಸ್ತಕ ಇಡಿ. ಅಜ್ಜ ತೀರಿಕೊಂಡಿದ್ದಾರೆ. ಯಾರ್ಯಾರೋ ಬಂದು 'ನಿಮ್ಮಜ್ಜ ನಮಗೆ ಕೊಡಬೇಕಿತ್ತು' ಅನ್ನುತ್ತಾರೆ. ಸುಲಿದವರ ಕೂಲಿ, ಅಡಿಕೆ ಮಂಡಿಯ ಮುಂಗಡ, ಸೊಸೈಟಿ ಸಾಲ. ಮನೆಯಲ್ಲಿ ಯಾರಿಗೂ ಆ ಪುಸ್ತಕ ಓದಲು ಬರುವುದಿಲ್ಲ. ಅಜ್ಜ ಅವರದ್ದೇ ಗುರುತು ಹಾಕಿದ್ದಾರೆ. ಹದಿಮೂರನೇ ದಿನದ ಕಾರ್ಯ ಮುಗಿಯುವುದರೊಳಗೆ ಲೆಕ್ಕ ಬಗೆಹರಿಯಬೇಕು. ಇರುವುದು ಒಬ್ಬ ಬಿ.ಕಾಂ. ಹುಡುಗ, ಮೂರು ವರ್ಷ ಟ್ಯಾಲಿ ಕಲಿತು ಎಲ್ಲೂ ಬಳಸದವನು.

ಹಳೇ ರೀಲು

ಸಿಕ್ಕಿತು! ಇದೇ ಕಥೆ. ದಾರಿ ಹುಡುಕುವ ಹುಡುಗನಿಗೆ ಯಾರೂ ದಾರಿ ತೋರಿಸಬಾರದು. ಅವನ ಮುಂದೆ ಒಂದು ಕೆಲಸ ಇಡಬೇಕು. ಅದು ಅವನಿಗೆ ಇಷ್ಟವೂ ಇರಬಾರದು, ತಪ್ಪಿಸಿಕೊಳ್ಳಲೂ ಆಗಬಾರದು. ಕೆಲಸ ಮಾಡುತ್ತಾ ಮಾಡುತ್ತಾ ಅವನ ಮುಖ ಬದಲಾಗುವುದನ್ನು ಕ್ಯಾಮೆರಾ ಹಿಡಿಯಬೇಕು. ಭಾಷಣಕ್ಕೆ ಮೈಕು, ಜನ, ವೇದಿಕೆ ಎಲ್ಲ ಬೇಕು, ಖರ್ಚು. ಒಬ್ಬ ಹುಡುಗ ಜಗಲಿಯಲ್ಲಿ ಪುಸ್ತಕ ಇಟ್ಟುಕೊಂಡು ಕೂಡುವುದಕ್ಕೆ ಏನೂ ಖರ್ಚಿಲ್ಲ. ಮಳೆ ಬಂದರೆ ಬರಲಿ, ಆ ಸೀನಿನಲ್ಲಿ ಮಾತೇ ಇಲ್ಲ, ಮೈಕಿನವರಿಗೂ ನೆಮ್ಮದಿ.

ಮೈಕ್ ಹಿಡಿಯುವವ

ನೆಮ್ಮದಿ ಹೌದು. ಪೆನ್ನಿನ ಸದ್ದು ಬೇಕು ಅನ್ನಬೇಡಿ.

ಬೆಂಗಳೂರು ಪಿಜಿ

ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ಕೊನೆಗೆ ಅವನು ಊರಿನಲ್ಲೇ ಆಫೀಸ್ ತೆರೆದು ರಿಬ್ಬನ್ ಕಟ್ ಮಾಡುವ ಸೀನ್ ಇರಬಾರದು.

ಗೋಪಿ ಸರ್ಕಲ್ ಹುಡುಗ

ಎಲ್ಲರ ಮಾತು ಓದಿ ಮೊನ್ನೆ ರಾತ್ರಿ ಕೂತು ತಿದ್ದಿದೆವು. ಈಗ ಹೀಗಿದೆ.

ಮೂರು ಹುಡುಗರು, ಒಬ್ಬ ಹುಡುಗಿ, ಒಂದು ಬೈಕು. ಮೊದಲ ಅರ್ಧ ಪೂರ್ತಿ ಪೇಟೆ. ಮೆಕ್ಯಾನಿಕಲ್ ಹುಡುಗ ಭದ್ರಾವತಿಯವನು. ಎರಡನೇ ಅರ್ಧ ಲೆಕ್ಕದ ಪುಸ್ತಕ. ಬಿ.ಕಾಂ. ಹುಡುಗ ಬಾಕಿ ಇರುವ ಒಂದೊಂದು ಮನೆಗೂ ಹೋಗಿ ಕೇಳಿಕೊಂಡು ಬರಬೇಕು. ಬೈಕು ಒಂದೇ ಆದ್ದರಿಂದ ಪ್ರತಿ ಸಲ ಬೇರೆ ಬೇರೆಯವರು ಜೊತೆಗೆ. ಒಂದು ಮನೆಯಲ್ಲಿ ದೋಟಿ ಕೆಟ್ಟಿರುತ್ತದೆ. ಒಂದು ಮನೆಯಲ್ಲಿ ಸುಲಿಯುವ ಹೆಂಗಸೊಬ್ಬರು 'ನಿಮ್ಮಜ್ಜ ನನಗಲ್ಲ, ನಾನೇ ಅವರಿಗೆ ಕೊಡಬೇಕು' ಅನ್ನುತ್ತಾರೆ. ಅದು ಪುಸ್ತಕದಲ್ಲಿ ಇರುವುದಿಲ್ಲ. ಅವನು ಬರೆದುಕೊಳ್ಳಬೇಕಾ ಬೇಡವಾ ಅಂತ ಪೆನ್ನು ಹಿಡಿದು ಕೂರುತ್ತಾನೆ. ಎಂ.ಎಸ್ಸಿ. ಹುಡುಗಿಯ ಇಂಟರ್‌ವ್ಯೂ ಸೀನ್ ಸಾಗರದವರು ಹೇಳಿದ ಹಾಗೇ.

ಬಿ.ಎ. ಹುಡುಗನಿಗೆ ಕೊನೆಗೂ ಏನೂ ಸಿಗುವುದಿಲ್ಲ. ಎಲ್ಲರಿಗೂ ಸಿಕ್ಕರೆ ಸುಳ್ಳಾಗುತ್ತದೆ ಅನಿಸಿತು.

ಶರಾವತಿ ಹಿನ್ನೀರು ದಾಟಿ ಸಿಗಂದೂರಿಗೆ ಲಾಂಚ್‌ನಲ್ಲಿ ಹೋಗುವ ಸೀನೊಂದು ಇದೆ. ಅದು ಚೆನ್ನಾಗಿ ಬರುತ್ತದೆ ಅನ್ನುವ ನಂಬಿಕೆ.

ಸಾಗರದವಳು

ಲಾಂಚಾ? 2025ರ ಜುಲೈನಲ್ಲೇ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯಿತಲ್ಲ ಮಾರಾಯ್ರೇ. ಎರಡು ಕಿಲೋಮೀಟರ್‌ಗಿಂತ ಉದ್ದ, ಬೈಕಿನಲ್ಲಿ ಹೋದರೆ ಐದು ನಿಮಿಷ. ಲಾಂಚ್ ಇಟ್ಟರೆ ನಿಮ್ಮ ಕಥೆ ಹಳೇ ವರ್ಷದ್ದಾಗುತ್ತದೆ, ಯುವನಿಧಿ ಅರ್ಜಿಯ ವರ್ಷಕ್ಕೆ ಅದು ಹೊಂದುತ್ತದಾ ನೋಡಿಕೊಳ್ಳಿ.

ಬಿ.ಎ. ಹುಡುಗನ ವಿಷಯಕ್ಕೆ ನನ್ನ ವಿರೋಧ ಇದೆ. ಏನೂ ಸಿಗದಿದ್ದರೆ ಪರವಾಗಿಲ್ಲ. ಆದರೆ ಮನೆಯಲ್ಲಿ ನಿಜ ಹೇಳಲಿ. ನಾನು ಓದುತ್ತಿಲ್ಲ ಅಂತ ಒಂದು ಸಲ ಬಾಯಿಬಿಟ್ಟು ಹೇಳಲಿ.

ಬೆಂಗಳೂರು ಪಿಜಿ

ಹೇಳಬಾರದು. ಹೇಳುವವರು ಸಿನಿಮಾದಲ್ಲಿ ಮಾತ್ರ ಇರುತ್ತಾರೆ.

ಸಾಗರದವಳು

ಇದು ಸಿನಿಮಾನೇ ತಾನೆ.

ಪೇಪರ್ ಟೌನ್

ಇಬ್ಬರೂ ಜಗಳ ನಿಲ್ಲಿಸಿ. ಅವನ ಅಮ್ಮನಿಗೆ ಮೊದಲೇ ಗೊತ್ತಿರುತ್ತದೆ. ಅಮ್ಮಂದಿರಿಗೆ ಯಾವಾಗಲೂ ಗೊತ್ತಿರುತ್ತದೆ.

ಗೋಪಿ ಸರ್ಕಲ್ ಹುಡುಗ

ಇದರ ಬಗ್ಗೆ ನಮ್ಮ ತಂಡದಲ್ಲೂ ಜಗಳ ನಡೆಯುತ್ತಿದೆ. ಎರಡೂ ಥರ ಶೂಟ್ ಮಾಡಿ ಎಡಿಟಿಂಗ್‌ನಲ್ಲಿ ನೋಡೋಣ ಅಂದೆ, ಕ್ಯಾಮೆರಾದವನು ಎರಡು ದಿನದ ಬಾಡಿಗೆ ಯಾರು ಕೊಡುತ್ತಾರೆ ಅಂದ.

ಹಳೇ ರೀಲು

ಕ್ಯಾಮೆರಾದವನು ಜಾಣ. ಬರೆಯುವಾಗಲೇ ತೀರ್ಮಾನ ಮಾಡು ತಮ್ಮಾ, ಪೇಪರ್ ಅಗ್ಗ. ಥಿಯೇಟರ್‌ಗೆ ಹಾಕುವ ಆಸೆ ಇದ್ದರೆ ಸೆನ್ಸಾರ್ ಸರ್ಟಿಫಿಕೇಟ್ ಖರ್ಚನ್ನು ಈಗಲೇ ಬೇರೆ ತೆಗೆದಿಡು. ಊಟದ ಖರ್ಚನ್ನೂ ಸರಿಯಾಗಿ ಬರೆ. ಎಲ್ಲ ಸಣ್ಣ ಸಿನಿಮಾಗಳೂ ಕ್ಯಾಮೆರಾ ಬಾಡಿಗೆ ಲೆಕ್ಕ ಹಾಕಿ ಅನ್ನ ಸಾರಿನಲ್ಲಿ ಮುಳುಗುತ್ತವೆ.

ಕೊಪ್ಪದ ಕಡೆಯವ

ಸುಲಿಯುವ ಸೀನ್ ಬೇಕಾದರೆ ನಮ್ಮ ಅಂಗಳದಲ್ಲಿ ಮಾಡಿ, ಬಾಡಿಗೆ ಬೇಡ. ಆದರೆ ಕೊಯ್ಲಿನ ಸಮಯದಲ್ಲೇ ಬನ್ನಿ, ಆಮೇಲೆ ಬಂದು ಹಸಿ ಅಡಿಕೆ ಎಲ್ಲಿ ಅಂತ ಕೇಳಬೇಡಿ. ಸುಲಿಯುವವರನ್ನು ಸುಮ್ನೆ ಕೂರಿಸಿ ರೀಟೇಕ್ ತೆಗೆದರೆ ಅವರ ಆ ದಿನದ ಕೂಲಿ ನೀವು ಕೊಡಬೇಕು. ಊಟಕ್ಕೆ ಎಷ್ಟು ಜನ?

ಗೋಪಿ ಸರ್ಕಲ್ ಹುಡುಗ

ಹನ್ನೊಂದು ಜನ ಅಣ್ಣಾ. ಕೂಲಿ ಕೊಡುತ್ತೇವೆ. ಮೈಕ್ ಅಣ್ಣ ಬರುತ್ತಾರಾದರೆ ಹನ್ನೆರಡು.

ಮೈಕ್ ಹಿಡಿಯುವವ

ಬರುತ್ತೇನೆ. ಮನೆಯಲ್ಲಿ ನಾಯಿ ಇದ್ದರೆ ಮೊದಲೇ ಹೇಳಿ.

ಕೊಪ್ಪದ ಕಡೆಯವ

ಎರಡಿವೆ.